ಮೂಗು ಮುಚ್ಚಿಕೊಂಡರೆ ಅಹಿಂಸೆಯಾಯಿತೇ?

ಉತ್ತರ ಬೆಂಗಳೂರಿನ ನಮ್ಮ ಭಾಗದ ಬಸದಿಯೊಂದರ ವಿಶ್ವಸ್ಥ ಮಂಡಳಿಯ ಸಭೆಯು ಕಳೆದ ತಿಂಗಳು ನೆರವೇರಿತು. ಯಾವ ಬಸದಿ ಎಂಬುದು ಇಲ್ಲಿ ಅಪ್ರಸ್ತುತ. ನಾನೂ ಆ ಮಂಡಳಿಯ ಸದಸ್ಯನೇ ಆಗಿರುವುದರಿಂದ ಮುಂದೆ ಆಡಲಿರುವ ಕಟುಮಾತುಗಳಲ್ಲಿ ನನ್ನ ಪಾಲೂ ಇದೆಯೆಂದು ಮೊದಲೇ ನಿವೇದಿಸಿಕೊಳ್ಳುತ್ತೇನೆ. ಸಭೆಯ ಮುಂದಿದ್ದ ವಿಷಯ ಇಷ್ಟೆ. ಬಸದಿಯ ಬೀದಿಯು ಮುಖ್ಯರಸ್ತೆಯನ್ನು ಸೇರುವ ತಿರುವಿನಲ್ಲಿ ಇಬ್ಬರು ಹೆಂಗಸರು ಬುಧವಾರ ಮತ್ತು ಭಾನುವಾರಗಳಂದು ನೀಲಿ ಟಾರ್ಪಾಲಿನ ಕೆಳಗೆ ಕುಳಿತು ಮೀನು ಮಾರುತ್ತಾರೆ. ಅವರನ್ನು ಅಲ್ಲಿಂದ ಶಾಶ್ವತವಾಗಿ ತೆರವುಗೊಳಿಸಬೇಕೆಂದು ಪಾಲಿಕೆಗೆ ಮನವಿ ಸಲ್ಲಿಸಬೇಕು, ಅದಕ್ಕೆ ಸದಸ್ಯರೆಲ್ಲರೂ ಸಹಿ ಹಾಕಬೇಕು. ಮನವಿಯ ಕರಡನ್ನು ಓದಿ ಹೇಳಿದರು. ಅದರಲ್ಲಿ ‘ಅಹಿಂಸೆ’ ಎಂಬ ಪದ ಎರಡು ಬಾರಿ ಬಂದಿತ್ತು, ‘ದುರ್ವಾಸನೆ’ ಎಂಬುದು ಐದು ಬಾರಿ. ಎಣಿಸುವುದು ನನ್ನ ಹಳೆಯ ಚಾಳಿ, ಬಿ.ಕಾಂ. ಓದಿ ನಲವತ್ತು ವರ್ಷ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ತಕ್ಕಡಿಯ ಮುಂದೆ ಕುಳಿತವನಿಗೆ ಅದು ಬಿಡುವಂಥದಲ್ಲ.

ಚರ್ಚೆಯ ನಡುವೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಹೋದ ವರ್ಷ ಟೋಕಿಯೋದಲ್ಲಿ ಮೀನಿನ ಮಾರುಕಟ್ಟೆಯನ್ನು ನೋಡಿ ಬಂದೆವು. ಮೇಲಿನ ಮಹಡಿಯಲ್ಲಿ ಗಾಜಿನ ಹಿಂದೆ ನಿಂತು ನೋಡಬೇಕು. ಒಂದಿಷ್ಟೂ ವಾಸನೆ ಇಲ್ಲ. ಆ ಶಿಸ್ತು ನಮ್ಮವರಿಗೆ ಬರುವುದು ಯಾವಾಗ?” ಎಂದರು. ಹಲವರು ತಲೆದೂಗಿದರು. ನನಗೆ ಆ ಕ್ಷಣದಲ್ಲಿ ಮನವಿಯ ಒಳಗುಟ್ಟು ತಿಳಿದುಹೋಯಿತು. ನಮ್ಮ ಆಕ್ಷೇಪ ಕೊಲೆಗಲ್ಲ, ಕೊಲೆಯ ವಾಸನೆಗೆ. ಗಾಜು ಹಾಕಿಸಿ, ನೆಲ ತೊಳೆಸಿ, ಗಾಳಿಯನ್ನು ಹೊರಗೆಳೆಯುವ ಯಂತ್ರವನ್ನು ಕೂಡಿಸಿಬಿಟ್ಟರೆ ಸಾವಿರಗಟ್ಟಲೆ ಪಂಚೇಂದ್ರಿಯ ಜೀವಗಳ ಹರಣವನ್ನು ಶ್ರಾವಕರು ಮಡದಿ ಮಕ್ಕಳೊಡನೆ ಪ್ರವಾಸದ ಪಟ್ಟಿಯಲ್ಲಿ ಸೇರಿಸಿಕೊಂಡು ನೋಡಬಲ್ಲರು, ಚಿತ್ರ ತೆಗೆಯಬಲ್ಲರು, ಹೋಟೆಲಿಗೆ ಹಿಂದಿರುಗಿ ಬೇರುಗಡ್ಡೆಗಳಿಲ್ಲದ ಊಟವನ್ನು ಕೇಳಿ ಪಡೆಯಬಲ್ಲರು.

ನಾನೂ ಆ ಊರಿನ ಮೀನುಪೇಟೆಗೆ ಹೋದವನೇ. ಅದನ್ನು ಮುಚ್ಚಿಟ್ಟು ಬೇರೆಯವರ ಮೇಲೆ ಬರೆಯುವುದು ನ್ಯಾಯವಲ್ಲ. 2014ರಲ್ಲಿ ಎಳ್ಳಿನ ವ್ಯಾಪಾರದ ನಿಮಿತ್ತ ಟೋಕಿಯೋಗೆ ಹೋಗಿದ್ದೆ. ಜಪಾನೀಯರು ತಾವು ಬಳಸುವ ಎಳ್ಳನ್ನು ಬಹುಪಾಲು ಹೊರನಾಡುಗಳಿಂದಲೇ ತರಿಸಿಕೊಳ್ಳುತ್ತಾರೆಂಬುದು ಎಣ್ಣೆಕಾಳಿನ ವರ್ತಕರಿಗೆಲ್ಲ ತಿಳಿದ ವಿಷಯ. ನಮ್ಮ ಸರಕನ್ನು ಕೊಳ್ಳುವ ವೃದ್ಧ ವರ್ತಕರು ಅತಿಥಿಸತ್ಕಾರದ ಭಾವದಿಂದ ನನ್ನನ್ನು ನಸುಕಿಗೇ ಎಬ್ಬಿಸಿ ತ್ಸುಕಿಜಿ ಎಂಬ ಪೇಟೆಗೆ ಕರೆದೊಯ್ದರು. ನಾನು ಸಸ್ಯಾಹಾರಿಯೆಂದು ಅವರಿಗೆ ಗೊತ್ತಿತ್ತು. “ತಿನ್ನುವುದು ಬೇಡ, ನಮ್ಮ ಊರಿನ ಅತಿ ಹಳೆಯ ವ್ಯಾಪಾರವನ್ನು ನೋಡಿರಿ, ನೀವೂ ವರ್ತಕರಲ್ಲವೇ” ಎಂದರು. ನಿರಾಕರಿಸಬಹುದಾಗಿತ್ತು. ನಿರಾಕರಿಸಲಿಲ್ಲ. ಕುತೂಹಲವೂ ಒಂದು ಬಗೆಯ ಪ್ರಮಾದವೇ ಎಂಬ ಅರಿವು ಆಗ ಇರಲಿಲ್ಲ.

ಹಳೆಯ ಪೇಟೆ ಮೊದಲು ನಿಹೊಂಬಾಶಿ ಎಂಬಲ್ಲಿ ಇತ್ತಂತೆ. 1923ರ ಮಹಾಭೂಕಂಪದಲ್ಲಿ ಅದು ನಾಶವಾದ ಮೇಲೆ 1935ರಲ್ಲಿ ತ್ಸುಕಿಜಿಯಲ್ಲಿ ಹೊಸದನ್ನು ತೆರೆದರು. ದೊಡ್ಡ ಸೂರೆ ಮೀನುಗಳ ಹರಾಜನ್ನು ನೋಡಲು ದಿನಕ್ಕೆ 120 ಜನಕ್ಕೆ ಮಾತ್ರ ಅವಕಾಶ. ಬಣ್ಣದ ಮೇಲಂಗಿಯೊಂದನ್ನು ತೊಡಿಸಿ, ಎರಡು ತಂಡಗಳಾಗಿ ಒಳಗೆ ಬಿಡುತ್ತಿದ್ದರು. ಒಳಗೆ ಒದ್ದೆ ನೆಲದ ಮೇಲೆ ಹೆಪ್ಪುಗಟ್ಟಿದ ಮೀನುಗಳು ಸಾಲಾಗಿ ಮಲಗಿದ್ದವು, ಬಿಳಿಯ ಆವಿ ಮೇಲೇಳುತ್ತಿತ್ತು. ಪ್ರತಿಯೊಂದರ ಬಾಲವನ್ನೂ ಕತ್ತರಿಸಿ ತೆಗೆದಿದ್ದರು. ಕೊಳ್ಳುವವರು ಕೈದೀಪ ಹಿಡಿದು ಆ ಕತ್ತರಿಸಿದ ಭಾಗದೊಳಗೆ ಬೆಳಕು ಬಿಟ್ಟು, ಒಂದಿಷ್ಟು ಮಾಂಸವನ್ನು ಕಿತ್ತು ಬೆರಳುಗಳ ನಡುವೆ ಉಜ್ಜಿ, ಜಿಡ್ಡಿನ ಅಂಶವನ್ನು ಅಳೆಯುತ್ತಿದ್ದರು. ಓದುಗರು ಕ್ಷಮಿಸಬೇಕು, ನನಗೆ ಅಸಹ್ಯಕ್ಕಿಂತ ಮೊದಲು ಉಂಟಾದದ್ದು ಗುರುತು. ಶೇಂಗಾದ ಮೂಟೆಗೆ ಬಂಬು ಚುಚ್ಚಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡುವಾಗ ನನ್ನ ಮುಖದಲ್ಲಿಯೂ ಇದೇ ಭಾವವಿರುತ್ತದೆ. ಬಳಿಕ ಗಂಟೆ ಬಾರಿಸಿತು. ಹರಾಜುಗಾರ ಒಂದು ಪೆಟ್ಟಿಗೆಯ ಮೇಲೆ ನಿಂತು ತಲೆ ಕುಣಿಸುತ್ತ ಹಾಡಿನಂತೆ ಕೂಗತೊಡಗಿದ. ಕೊಳ್ಳುವವರು ಬೆರಳಿನ ಸನ್ನೆಯಿಂದ ಬೆಲೆ ಹೇಳುತ್ತಿದ್ದರು. ಯಶವಂತಪುರದಲ್ಲಿ ಹಿಂದೆ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಹಿರಿಯರ ನೆನಪಾಯಿತು. ಒಂದೊಂದು ಮೀನಿಗೆ ಕೆಲವು ಕ್ಷಣಗಳು, ಅಷ್ಟೆ.

2013ರ ಹೊಸ ವರ್ಷದ ಮೊದಲ ಹರಾಜಿನಲ್ಲಿ ಅದೇ ಪೇಟೆಯಲ್ಲಿ 222 ಕಿಲೋ ತೂಕದ ಒಂದು ಮೀನು 15.54 ಕೋಟಿ ಯೆನ್ನಿಗೆ ಹೋಗಿತ್ತು. ಕಿಲೋಗೆ 7 ಲಕ್ಷ ಯೆನ್. ಆ ಮಾರುಕಟ್ಟೆಯನ್ನು 2018ರ ಅಕ್ಟೋಬರ್‌ನಲ್ಲಿ ತೊಯೊಸು ಎಂಬಲ್ಲಿಗೆ ಸಾಗಿಸಿದರು; ಅಲ್ಲಿ 2019ರ ಜನವರಿಯ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಮೀನಿಗೆ 33.36 ಕೋಟಿ, ಅಂದರೆ ಕಿಲೋಗೆ 12 ಲಕ್ಷ ಯೆನ್. ಇದು ಹಸಿವಿನ ಬೆಲೆಯಲ್ಲ, ಮಾನಕಷಾಯದ ಬೆಲೆ. ಆದರೆ ನಮ್ಮ ಪಂಚಕಲ್ಯಾಣಗಳಲ್ಲಿ ಮೊದಲ ಕಲಶಕ್ಕೆ ಬೋಲಿ ಏರುವಾಗಲೂ ನಾನು ಇದ್ದೇನೆ. ಆ ಪ್ರಸ್ತಾಪ ಇಲ್ಲಿಗೆ ಬೇಡ, ಇನ್ನೊಂದು ಸಂಚಿಕೆಗಿರಲಿ.

ಹರಾಜಿನ ಕಟ್ಟೆಯಿಂದ ಆಚೆ ಚಿಲ್ಲರೆ ವರ್ತಕರ ಮಳಿಗೆಗಳಿದ್ದವು. ಅಲ್ಲಿ ಒಬ್ಬ ಮುದುಕ ನೀರಿನ ತೊಟ್ಟಿಯಿಂದ ಜೀವಂತ ಮೀನನ್ನು ಎತ್ತಿ, ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ತಲೆಗೆ ಮೊಳೆಯಂಥ ಸಲಾಕೆಯನ್ನು ಒಂದೇ ಏಟಿಗೆ ಇಳಿಸಿದ. ಬಳಿಕ ಬೆನ್ನಹುರಿಯುದ್ದಕ್ಕೂ ತೆಳುವಾದ ತಂತಿಯನ್ನು ಹಾಯಿಸಿದ. ಮೀನು ಒಮ್ಮೆ ಬಾಯ್ದೆರೆದು ಸ್ತಬ್ಧವಾಯಿತು. ಹೀಗೆ ಮಾಡಿದರೆ ಅದಕ್ಕೆ ಯಾತನೆ ಕಡಮೆ ಎಂದು ನನ್ನ ಅತಿಥೇಯರು ವಿವರಿಸಿದರು. ನಾನು ಸಮಾಧಾನದಿಂದ ತಲೆಯಾಡಿಸುವಷ್ಟರಲ್ಲಿ, ಯಾತನೆಪಟ್ಟು ಸತ್ತ ಮೀನಿನ ರುಚಿ ಕೆಡುತ್ತದೆ ಎಂದೂ ಸೇರಿಸಿದರು. ರುಚಿಗಾಗಿ ದಯೆ! ಆ ಬಾಯ್ದೆರೆದ ಜೀವವನ್ನು ನಾನು ಎರಡಡಿ ದೂರದಿಂದ ನೋಡಿದೆ. ಮೀನಿಗೆ ನೋವಿನ ಸಂವೇದನೆಯ ನರಗಳಿವೆಯೆಂದು ಪಾಶ್ಚಾತ್ಯ ವಿಜ್ಞಾನಿಗಳು 2003ರಲ್ಲಿ ಟ್ರೌಟ್ ಮೀನಿನ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ನಮ್ಮ ಆಗಮವು ಅದನ್ನು ಜಲಚರ ಪಂಚೇಂದ್ರಿಯ ತಿರ್ಯಂಚವೆಂದು ಎಂದೋ ವಿಂಗಡಿಸಿದೆ. ಅಷ್ಟೇ ಅಲ್ಲ, ತಿರ್ಯಂಚಕ್ಕೂ ಸಮ್ಯಗ್ದರ್ಶನವುಂಟು, ಐದನೆಯ ಗುಣಸ್ಥಾನದವರೆಗೆ ಏರುವ ಯೋಗ್ಯತೆಯುಂಟು. ಸ್ವಯಂಭೂರಮಣ ಸಮುದ್ರದಲ್ಲಿ ದೇಶವ್ರತ ಪಾಲಿಸುವ ಜಲಚರಗಳಿವೆ ಎನ್ನುತ್ತದೆ ನಮ್ಮ ಶಾಸ್ತ್ರ. ಅಂದರೆ ಅಲ್ಲಿ ಆ ಬಟ್ಟೆಯ ಮೇಲೆ ಮಲಗಿದ್ದುದು ದುರ್ವಾಸನೆಯ ಪದಾರ್ಥವಲ್ಲ. ನನ್ನಂತೆಯೇ ವ್ರತಕ್ಕೆ ಅರ್ಹನಾಗಬಲ್ಲ ಒಬ್ಬ ಜೀವ.

ಹೊರಬರುವಾಗ ಮಾರುಕಟ್ಟೆಯ ಪಕ್ಕದ ನಮಿಯೋಕೆ ಎಂಬ ಸಣ್ಣ ದೇವಸ್ಥಾನಕ್ಕೆ ಅವರು ಕರೆದೊಯ್ದರು. ಅದರ ಅಂಗಳದಲ್ಲಿ ಒರಟು ಕಲ್ಲುಗಳನ್ನು ನಿಲ್ಲಿಸಿದ್ದಾರೆ: ಸಿಗಡಿಯ ಸ್ಮರಣೆಗೆ ಒಂದು, ಚಿಪ್ಪಿನ ಜೀವಿಗೆ ಒಂದು, ಮೊಟ್ಟೆಗೆ ಒಂದು, ಜೀವಂತ ಮಾರಲ್ಪಟ್ಟ ಮೀನಿಗೆ ಒಂದು. ಕೊಂದವರೇ ನಿಲ್ಲಿಸಿದ ವೀರಗಲ್ಲುಗಳೆನ್ನಬೇಕೋ ಏನೋ. ನನ್ನ ಅತಿಥೇಯರು ಪ್ರತಿಯೊಂದಕ್ಕೂ ಬಾಗಿ ನಮಸ್ಕರಿಸಿದರು. ನಾನು ಮನಸ್ಸಿನಲ್ಲಿ ನಕ್ಕೆ. ಕೊಂದು ತಿಂದು ಕೈಮುಗಿಯುವ ಈ ಆಟವೇಕೆ ಎಂದು ಹೋಟೆಲಿಗೆ ಮರಳುವ ತನಕ ಒಳಗೊಳಗೇ ವಾದಿಸಿದೆ. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಎಲ್ಲ ಜೀವಗಳಿಗೂ ಕ್ಷಮೆ ಕೇಳುವ ಸಾಲು ಬಾಯಿಗೆ ಬಂತು. ನಲವತ್ತು ವರ್ಷಗಳಿಂದ ಹೇಳುತ್ತಿದ್ದೇನೆ. ಯಾವ ಜೀವ, ಯಾವ ದಿನ, ನನ್ನ ಯಾವ ವ್ಯವಹಾರದಿಂದ ಎಂದು ಒಂದು ಸಲವೂ ಎಣಿಸಿರಲಿಲ್ಲ. ಅವರಾದರೋ ಸಿಗಡಿಗೆ ಸಿಗಡಿಯೆಂದೇ ಹೆಸರು ಹಿಡಿದು ಕಲ್ಲು ನೆಟ್ಟಿದ್ದರು. ಅದು ಅಹಿಂಸೆಯಲ್ಲ, ಖಂಡಿತ ಅಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚನ್ನು ಖರ್ಚೆಂದು ಬರೆಯುವ ಪ್ರಾಮಾಣಿಕತೆ ಅದರಲ್ಲಿತ್ತು. ನನ್ನ ಪ್ರತಿಕ್ರಮಣದಲ್ಲಿ ಅದೂ ಇರಲಿಲ್ಲ.

ಇನ್ನು ವಾಸನೆಯ ವಿಷಯ. ಮೂಗು ಮುಚ್ಚಿಕೊಂಡು ಮೀನಂಗಡಿಯನ್ನು ದಾಟುವುದನ್ನು ನಾವು ಸಂಸ್ಕಾರವೆಂದು ಮಕ್ಕಳಿಗೆ ಕಲಿಸಿದ್ದೇವೆ. ಶಾಸ್ತ್ರ ಅದನ್ನು ಏನೆನ್ನುತ್ತದೆ? ಜುಗುಪ್ಸೆಯು ಒಂಬತ್ತು ನೋಕಷಾಯಗಳಲ್ಲಿ ಒಂದು. ಚಾರಿತ್ರಮೋಹನೀಯ ಕರ್ಮದ ಉದಯ. ಹಾಸ್ಯ, ರತಿ, ಅರತಿ, ಶೋಕ, ಭಯಗಳ ಪಕ್ಕದಲ್ಲಿಯೇ ಅದನ್ನು ಕೂರಿಸಿದ್ದಾರೆ. ಇತ್ತ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಸಹ್ಯಪಡದಿರುವುದು. ಅದಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉದ್ದಾಯನ ರಾಜನನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ರೋಗಿಷ್ಠ ಮುನಿಯ ವಾಂತಿಯನ್ನು ಕೈಯಾರೆ ತೊಳೆದ ಅರಸ. ‘ಅದು ರತ್ನತ್ರಯಧಾರಿಯ ದೇಹಕ್ಕೆ ಮಾತ್ರ ಅನ್ವಯ, ಮೀನು ಮಾರುವವಳಿಗಲ್ಲ’ ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಮಾರುವವಳನ್ನು ಕಂಡು ಜುಗುಪ್ಸೆಪಟ್ಟರೆ ಕರ್ಮಬಂಧವಿಲ್ಲ ಎಂದು ಯಾವ ಆಚಾರ್ಯರು ರಿಯಾಯಿತಿ ಕೊಟ್ಟಿದ್ದಾರೆ? ಅನುಕಂಪೆಯು ಸಮ್ಯಕ್ತ್ವದ ಲಕ್ಷಣ, ಜುಗುಪ್ಸೆಯು ಮೋಹದ ಲಕ್ಷಣ. ಮೀನಿನ ಮೇಲೆ ಅನುಕಂಪೆಯಿದ್ದವನು ಆ ಬುಟ್ಟಿಯ ಮುಂದೆ ಒಂದು ಕ್ಷಣ ನಿಂತು ಕಣ್ತುಂಬ ನೋಡುತ್ತಾನೆ. ಜುಗುಪ್ಸೆಯಿದ್ದವನು ಕರವಸ್ತ್ರ ತೆಗೆಯುತ್ತಾನೆ.

ಮೀನು ತಿನ್ನುವುದು ಸರಿಯೆಂದು ಈ ಲೇಖಕ ಹೇಳಹೊರಟಿದ್ದಾನೆಯೇ ಎಂದು ಕೇಳುವವರಿಗೆ ಒಂದೇ ಉತ್ತರ: ಇಲ್ಲ. ಅದು ಸಂಕಲ್ಪಹಿಂಸೆ; ಶ್ರಾವಕನಿಗೆ ಸರ್ವಥಾ ವರ್ಜ್ಯ. ನಾನು ವಾದಿಸುತ್ತಿರುವುದು ತಿನ್ನುವವರ ಪರವಾಗಿ ಅಲ್ಲ, ತಿನ್ನದವರ ಲೆಕ್ಕದ ಕುರಿತು.

ಹಿಂಸೆಯ ಅಧಿಕರಣವನ್ನು ನಮ್ಮವರು ಗುಣಾಕಾರ ಮಾಡಿಯೇ ಇಟ್ಟಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು 3, ಮನ, ವಚನ, ಕಾಯ ಎಂದು 3, ಕೃತ, ಕಾರಿತ, ಅನುಮೋದಿತ ಎಂದು 3, ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೂ ಈ ಸಂಖ್ಯೆಗೂ ಸಂಬಂಧವನ್ನು ಹೇಳುವುದುಂಟು. ಮೀನುಗಾರನು ಕಾಯದಿಂದ, ಕೃತದಿಂದ ಹಿಂಸೆಯಲ್ಲಿ ತೊಡಗಿದ್ದಾನೆ. ಉಳಿದ ಮನೆಗಳಲ್ಲಿ ಕುಳಿತಿರುವವರು ಯಾರು? ಸಭೆ ಮುಗಿದ ರಾತ್ರಿ ನನ್ನ ಅಂಗಡಿಯ ಖಾತೆಗಳನ್ನು ತೆರೆದು ಕುಳಿತೆ. ನಾನು ಎಳ್ಳು, ಶೇಂಗಾ ಮಾತ್ರವಲ್ಲ, ಕಡಲೆಕಾಯಿ ಹಿಂಡಿಯನ್ನೂ ಅಕ್ಕಿ ತೌಡನ್ನೂ ಮಾರುತ್ತೇನೆ. ರಸೀದಿಯಲ್ಲಿ ‘ಪಶು ಆಹಾರ’ ಎಂದು ಬರೆಯುತ್ತೇವೆ. ಕಾಟ್ಲಾ, ರೋಹು ಮುಂತಾದ ಕೆರೆಮೀನುಗಳಿಗೆ ನಮ್ಮ ದೇಶದಲ್ಲಿ ಹಿಂದಿನಿಂದಲೂ ಹಾಕುವ ಮೇವು ಇದೇ ಹಿಂಡಿ ಮತ್ತು ತೌಡು. ಮೀನು ಸಾಕಣೆಯ ಕೈಪಿಡಿಗಳಲ್ಲಿ ಇರುವ ವಿಷಯ. ನನ್ನ ಹಳೆಯ ಗಿರಾಕಿಗಳಲ್ಲಿ ಮೂವರಿಗೆ ಒಂದು ಹಸುವೂ ಇಲ್ಲ, ಹೊಂಡಗಳಿವೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿರಲಿಲ್ಲ, ಅಷ್ಟೆ. ಕೇಳದಿರುವುದನ್ನು ನಾನು ಇಷ್ಟು ವರ್ಷ ಅಹಿಂಸೆಯೆಂದು ಭಾವಿಸಿಕೊಂಡಿದ್ದೆ.

ಆ ಮೂವರಿಗೆ ಹಿಂಡಿ ಕೊಡುವುದನ್ನು ನಿಲ್ಲಿಸಿದ್ದೇನೆ. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಅವರು ಪಕ್ಕದ ಸಾಲಿನ ಅಂಗಡಿಯಿಂದ ಒಯ್ಯುತ್ತಾರೆ, ಮೀನುಗಳ ಸಂಖ್ಯೆಯಲ್ಲಿ ಒಂದೂ ಕಡಮೆಯಾಗಿಲ್ಲ. ನನ್ನ ಮಗನಂತೂ “ಅಪ್ಪಾಜಿ, ಹಾಗಾದರೆ ಜಪಾನಿಗೆ ಕಳಿಸಿದ ಎಳ್ಳು ಯಾವ ತಟ್ಟೆಯ ಮೇಲೆ ಉದುರಿತು ಅಂತಲೂ ಕೇಳಬೇಕಲ್ಲ” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉದ್ಯೋಗಿ ಹಿಂಸೆಯು ಗೃಹಸ್ಥನಿಗೆ ಪೂರ್ತಿ ತಪ್ಪಿಸಲಾಗದ್ದು ಎಂದು ಶಾಸ್ತ್ರವೇ ಒಪ್ಪಿಕೊಂಡಿದೆ. ಆದರೆ ತಪ್ಪಿಸಲಾಗದ್ದು ಎಂಬ ಮಾತನ್ನು ನಾವು ನಮಗೆ ಧಾರಾಳವಾಗಿಯೂ, ತಿರುವಿನಲ್ಲಿ ಕುಳಿತ ಹೆಂಗಸಿಗೆ ಕಿಂಚಿತ್ತೂ ಇಲ್ಲದಂತೆಯೂ ಹಂಚುತ್ತಿದ್ದೇವೆ. ಒಂದು ತಕ್ಕಡಿಗೆ ಎರಡು ಬಗೆಯ ಬಟ್ಟು ಇಡುವ ವರ್ತಕನನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೆಸರಿಸಿದ್ದಾರೆ.

ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳ ಪಟ್ಟಿಯನ್ನು ಓದಿದವರಿಗೆ ನೆನಪಿರಬಹುದು. ಶ್ವೇತಾಂಬರ ಆಗಮದಲ್ಲಿ ಅವು ಕರ್ಮಾದಾನಗಳು. ನಮ್ಮ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಅವನ್ನು ಚರ್ಚಿಸಿದ್ದಾರೆ. ಅವುಗಳಲ್ಲಿ ಸರಃಶೋಷ ಒಂದು, ಕೆರೆ ಕೊಳಗಳನ್ನು ಬತ್ತಿಸುವುದು. ಬೆಂಗಳೂರಿನಲ್ಲಿ ಕುಳಿತು ಈ ಪದವನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅವು ಸರಕಾರದ ಕೆಲಸವೆನ್ನೋಣ. ಬಳಿಕ ಹೋದ ಕೆರೆಗಳ ಅಂಗಳದಲ್ಲಿ ನಿವೇಶನ ಮಾಡಿ ಮಾರಿದವರಲ್ಲಿ, ಕೊಂಡವರಲ್ಲಿ ನಮ್ಮವರು ಯಾರೂ ಇಲ್ಲವೆಂದು ಎದೆಮುಟ್ಟಿ ಹೇಳುವವರು ಈ ಪತ್ರಿಕೆಗೆ ಬರೆದು ತಿಳಿಸಲಿ. ಒಂದು ಬಲೆಯನ್ನು ಬೀಸಿದರೆ ಕೆಲವು ಮೀನು ಸಾಯುತ್ತವೆ. ಕೆರೆಯನ್ನೇ ಬತ್ತಿಸಿದರೆ ಮೀನು, ಕಪ್ಪೆ, ಏಡಿ, ಹುಳು, ಜಲಕಾಯ ಎಲ್ಲವೂ ಒಟ್ಟಿಗೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅವನ್ನು ಯಾವ ಬೆಸ್ತನೂ ಕೊಂದಿರಲಿಲ್ಲ. ಕೊಳಚೆ ಸೇರಿ ನೀರಿನ ಆಮ್ಲಜನಕ ಬತ್ತಿತ್ತು. ಕೊಳಚೆಯಲ್ಲಿ ಮಾಂಸಾಹಾರಿಯ ಕೊಳಚೆ, ಸಸ್ಯಾಹಾರಿಯ ಕೊಳಚೆ ಎಂಬ ಭೇದವಿಲ್ಲ.

ನಮ್ಮ ಸಭಾಭವನದ ಅಡುಗೆಮನೆಯಲ್ಲಿ ಪರ್ವಕಾಲದಲ್ಲಿ ಏಳೆಂಟು ನೂರು ಜನಕ್ಕೆ ಊಟವಾಗುತ್ತದೆ. ಸೋಸಿದ ನೀರು, ಸೂರ್ಯಾಸ್ತಕ್ಕೆ ಮುಂಚೆ ಊಟ, ಎಲ್ಲವೂ ಶಾಸ್ತ್ರೋಕ್ತ. ಅಲ್ಲಿಂದ ಹೊರಡುವ ಸಾಬೂನಿನ ನೀರು, ಎಣ್ಣೆಯ ಜಿಡ್ಡು ಹಿಂಬದಿಯ ಕೊಳವೆಯ ಮೂಲಕ ರಾಜಕಾಲುವೆಗೆ ಬೀಳುತ್ತದೆ, ರಾಜಕಾಲುವೆ ಕೆರೆಗೆ. ನಾನೇ ಬಗ್ಗಿ ನೋಡಿ ಬಂದಿದ್ದೇನೆ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ನೀರನ್ನು ಜೊಂಡಿನ ನಡುವೆ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆಯಿದೆ. ಅಲ್ಲಿ ಬೆಳಗ್ಗೆ ಹೋದರೆ ಹರಿಗೋಲಿನಲ್ಲಿ ಮೀನು ಹಿಡಿಯುವವರನ್ನೂ ಕಾಣಬಹುದು. ಕೆರೆಯ ನೀರು ಕೆಟ್ಟರೆ ಮೊದಲು ಬಾಯಿ ಮಾಡುವವರು ಅವರೇ. ಅವರಿಗದು ಹೊಟ್ಟೆಪಾಡು, ಧರ್ಮವಲ್ಲ. ಇರಲಿ. ನೀರು ಸೋಸುವುದನ್ನು ಜಗತ್ತಿಗೆ ಕಲಿಸಿದೆವೆಂದು ಹೆಮ್ಮೆಪಡುವ ನಾವು ಹೊಟ್ಟೆಪಾಡಿನವರಷ್ಟಾದರೂ ಬಾಯಿ ಮಾಡಿದ್ದೇವೆಯೇ?

ನನ್ನ ಅಕ್ಕನನ್ನು ಕಾರ್ಕಳಕ್ಕೆ ಕೊಟ್ಟಿದೆ. ಬಾಲ್ಯದ ಬೇಸಿಗೆ ರಜೆಗಳನ್ನು ನಾನು ಆ ಊರಿನಲ್ಲಿ ಕಳೆದೆ. 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಲ್ಲಿ ನಾಲ್ಕೂ ದಿಕ್ಕಿಗೆ ಅರನಾಥ, ಮಲ್ಲಿನಾಥ, ಮುನಿಸುವ್ರತರ ಬಿಂಬಗಳು ನಿಂತಿವೆ. ದಿಗಂಬರ ಪರಂಪರೆಯಲ್ಲಿ ಅರನಾಥ ಸ್ವಾಮಿಯ ಲಾಂಛನ ಮೀನು. ತೀರ್ಥಂಕರರ ತಾಯಿ ಕಾಣುವ ಹದಿನಾರು ಸ್ವಪ್ನಗಳಲ್ಲಿಯೂ ಜೋಡಿ ಮೀನುಗಳಿವೆ. ಬಸದಿಯೊಳಗೆ ಮೀನಿಗೆ ಅಷ್ಟು ಗೌರವ. ಆ ಊರಿಗೆ ಕಡಲ ಕಡೆಯಿಂದ ಬಸ್ಸಿನಲ್ಲಿ ಮೊಗವೀರ ಹೆಂಗಸರು ಬಂಗುಡೆ, ಬೂತಾಯಿಯ ಬುಟ್ಟಿಗಳನ್ನು ಹೊತ್ತು ಬರುತ್ತಿದ್ದರು. ಅಕ್ಕನ ಮನೆಯ ಬೀದಿಗೆ ಬರುವಾಗ ಅವರಲ್ಲೊಬ್ಬರು ಬುಟ್ಟಿಯನ್ನು ತಿರುವಿನ ಹಲಸಿನ ಮರದ ಕೆಳಗೆ ಇಳಿಸಿ, ಬರಿಗೈಯಲ್ಲಿ ಬಂದು ನೀರು ಕುಡಿದು, ಅಕ್ಕನ ಅತ್ತೆಯೊಡನೆ ಮಾತಾಡಿ ಹೋಗುತ್ತಿದ್ದರು. ಬುಟ್ಟಿಯನ್ನು ಅಲ್ಲಿಯೇ ಇಳಿಸಬೇಕೆಂದು ಯಾರೂ ಅರ್ಜಿ ಬರೆದಿರಲಿಲ್ಲ.

ಇತ್ತೀಚೆಗೆ ಭಾವನವರೊಡನೆ ಮಲ್ಪೆ ಬಂದರಿಗೂ ಹೋಗಿ ಬಂದೆ. ತ್ಸುಕಿಜಿಯಲ್ಲಿ ಕಂಡ ಅದೇ ಗದ್ದಲ, ಅದೇ ವೇಗ. ಗಾಜು ಮಾತ್ರ ಇಲ್ಲ. ಒಂದು ಕಾಲದಲ್ಲಿ ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೂಲೆ ಸೇರಿತು. ಅಲ್ಲಿಂದ ಮುಂದೆ ಕಡಲನ್ನು ನಡೆಸಿದ್ದು ಬೆಸ್ತನ ಹಸಿವಲ್ಲ, ಬಂಡವಾಳ. ದೋಣಿಗೆ ಸಾಲ, ಡೀಸೆಲು, ಮಂಜುಗಡ್ಡೆ, ನೈಲಾನ್ ಹುರಿ, ಸಾಗಿಸಲು ಲಾರಿ. ಮನುಷ್ಯ ತಿನ್ನದ ಸಣ್ಣ ಮೀನನ್ನು ಒಣಗಿಸಿ ಹುಡಿಮಾಡಿ ಕೋಳಿಗೂ ಸಿಗಡಿಗೂ ಮೇವಾಗಿ ಮಾರುವ ಕಾರ್ಖಾನೆ. ಇವೆಲ್ಲ ವರ್ತಕರ ಕ್ಷೇತ್ರ. ಇವುಗಳಲ್ಲಿ ಹಣ ಹೂಡಿದವರ ಮತ ಯಾವುದೆಂದು ನಾನು ವಿಚಾರಿಸಲು ಹೋಗಲಿಲ್ಲ. ನಮ್ಮ ಟ್ರಸ್ಟುಗಳ ನಿಧಿಯನ್ನು ಇಟ್ಟಿರುವ ಕಡೆಗಳಲ್ಲಿ ಅದು ಎಲ್ಲೆಲ್ಲಿ ಹರಿಯುತ್ತದೆಂದು ಯಾರೂ ವಿಚಾರಿಸಿಲ್ಲ ಎಂಬುದನ್ನು ಮಾತ್ರ ಬಲ್ಲೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಪಶ್ಚಿಮ ಕರಾವಳಿಯಲ್ಲಿ ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಯಿಡುವ ಕಾಲ. ನಮ್ಮ ಮುನಿಗಳು ಜೀವಸಂಕುಲ ಹೆಚ್ಚುವ ಮಳೆಗಾಲದಲ್ಲಿ ವಿಹಾರ ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಕುಳಿತುಕೊಳ್ಳುವ ಹೊತ್ತಿಗೆ ಅವರೂ ದೋಣಿಗಳನ್ನು ದಡಕ್ಕೆ ಕಟ್ಟುತ್ತಾರೆ. ಕಾರಣ ಬೇರೆ, ಒಪ್ಪುತ್ತೇನೆ. ಆದರೆ ಮಳೆಗಾಲವೆಂದು ಎರಡು ತಿಂಗಳು ವ್ಯಾಪಾರ ನಿಲ್ಲಿಸಿದ ಜೈನ ವರ್ತಕನೊಬ್ಬನನ್ನು ನನಗೆ ತೋರಿಸಿರಿ.

ಊರಿಗೆ ಮರಳಿದ ಮೇಲಿನ ಬುಧವಾರ ಬಸದಿಯಿಂದ ಹೊರಟವನು ನೇರವಾಗಿ ಆ ಟಾರ್ಪಾಲಿನ ಬಳಿಗೆ ಹೋದೆ. ಆರು ವರ್ಷಗಳಲ್ಲಿ ಮೊದಲ ಬಾರಿ. ಹಿರಿಯಾಕೆ ತಲೆಯೆತ್ತಿ, “ಏನ್ ಯಜಮಾನ್ರೇ, ದಾರಿ ತಪ್ಪಿ ಬಂದ್ರಾ?” ಎಂದಳು. ಮನವಿಯ ವಿಷಯವನ್ನು ಮುಚ್ಚಿಡದೆ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. “ಮಹಾವೀರ ಜಯಂತಿ ದಿನ ಪಾಲಿಕೆಯೋರು ಬರೋಕೆ ಮುಂಚೇನೇ ನಾವು ಬುಟ್ಟಿ ಎತ್ತಿರ್ತೀವಿ. ನಿಮ್ಮ ಆ ಹತ್ತು ದಿನದ ಪೂಜೆ ಯಾವಾಗ ಅಂತ ಹೇಳಿದ್ರೆ ಆ ಕಡೆ ರಸ್ತೆಗೆ ಹೋಗ್ತೀವಿ. ಮುನಿಗಳು ಬರೋ ದಿನಾನೂ ಹೇಳಿ. ಇಷ್ಟು ವರ್ಷ ಒಬ್ರೂ ಬಂದು ಕೇಳಿಲ್ವಲ್ಲ ಸ್ವಾಮಿ” ಎಂದಳು. ನನಗೆ ತಲೆ ತಗ್ಗಿತು. ಇಪ್ಪತ್ತಮೂರು ಸದಸ್ಯರ ಮಂಡಳಿ, ಟೈಪು ಮಾಡಿದ ಮನವಿ, ವಕೀಲರ ಸಲಹೆ. ನೂರು ಹೆಜ್ಜೆ ನಡೆದು ಒಂದು ಮಾತು ಕೇಳುವವರಿರಲಿಲ್ಲ.

ರಾಷ್ಟ್ರಕೂಟರ ಕಾಲದ ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಬಲೆ ಹೊತ್ತು ಹೊರಟವನು ದಾರಿಯಲ್ಲಿ ಮುನಿಯನ್ನು ಕಂಡು ನಮಸ್ಕರಿಸುತ್ತಾನೆ. ಮುನಿಗಳು ಮೂಗು ಮುಚ್ಚಿಕೊಳ್ಳಲಿಲ್ಲ, ದೂರ ಸರಿ ಎನ್ನಲಿಲ್ಲ, ವೃತ್ತಿಯನ್ನು ಈ ಕ್ಷಣ ಬಿಡು ಎಂದೂ ಹೇಳಲಿಲ್ಲ. ಆತನಿಂದ ಆಗಬಹುದಾದ ಒಂದು ಸಣ್ಣ ವ್ರತವನ್ನು ಕೊಟ್ಟರು: ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲದೆ ಬಿಡುವುದು. ಅಂದು ಬಿಟ್ಟ ಮೀನೇ ಮತ್ತೆ ಮತ್ತೆ ಬಲೆಗೆ ಬಿತ್ತು. ಐದು ಬಾರಿಯೂ ಅದನ್ನು ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಮುಚ್ಚಿದಳು; ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಮರುಜನ್ಮದಲ್ಲಿ ವರ್ತಕ ಕುಲದಲ್ಲಿ ಹುಟ್ಟಿ, ಆ ಪುಣ್ಯದಿಂದ ಐದು ಬಾರಿ ಮರಣದಿಂದ ಪಾರಾದ. ನಮ್ಮ ಕುಲದಲ್ಲಿ! ವರ್ತಕನ ಮನೆಯಲ್ಲಿ ಹುಟ್ಟಿದ ಯಾರು ಹಿಂದೆ ಬಲೆ ಬೀಸಿದ್ದರೋ ಯಾರು ಬಲ್ಲರು. ಇನ್ನೊಂದು ತುದಿಯಲ್ಲಿ ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ನೆನೆಯುವ ತಂದುಲಮತ್ಸ್ಯವಿದೆ. ಅಕ್ಕಿಕಾಳಿನಷ್ಟು ದೇಹ, ಮಹಾಮತ್ಸ್ಯದ ಕಿವಿಯಲ್ಲಿ ವಾಸ. ಒಂದು ಜೀವವನ್ನೂ ಕೊಲ್ಲಲಾಗದು. ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡು ಹೋಗುವ ಮೀನುಗಳನ್ನು ನೋಡುತ್ತ, ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವಲ್ಲ ಎಂದು ಚಿಂತಿಸಿದ ಮಾತ್ರಕ್ಕೆ ಏಳನೆಯ ನರಕಕ್ಕೆ ಇಳಿಯಿತು. ಕೊಲ್ಲುವವನು ಮೇಲೇರಿದ, ಕೊಲ್ಲದವನು ಕೆಳಗಿಳಿದ. ನಮ್ಮ ಧರ್ಮದ ಲೆಕ್ಕ ಭಾವದ ಲೆಕ್ಕ. ಮನವಿಗೆ ಸಹಿ ಹಾಕುವ ಕೈಗಳ ಹಿಂದಿನ ಭಾವ ಯಾವುದೆಂದು ಎಲ್ಲರೂ ತಮ್ಮ ತಮ್ಮನ್ನೇ ಕೇಳಿಕೊಳ್ಳಬೇಕು.

ಸರಕಾರದ ಆದೇಶವೇ ಅಹಿಂಸೆಯೆಂದು ಭ್ರಮಿಸುವವರಿಗೆ ಯಲಹಂಕದ ಉದಾಹರಣೆ ಸಾಕು. 2023ರಲ್ಲಿ ವೈಮಾನಿಕ ಪ್ರದರ್ಶನದ ನಿಮಿತ್ತ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಮಾಂಸ, ಮೀನು ಮಾರಾಟವನ್ನು ನಿಷೇಧಿಸಿತು. ನಮ್ಮವರಲ್ಲಿ ಹಲವರು ಅದನ್ನು ಜೀವದಯೆಯ ವಿಜಯವೆಂದು ಒಬ್ಬರಿಗೊಬ್ಬರು ಕಳಿಸಿಕೊಂಡರು. ಆದೇಶದ ಕಾರಣ ಬೇರೆಯೇ ಇತ್ತು: ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದುಗಳು ವಿಮಾನಗಳಿಗೆ ಅಪಾಯ. ವಿಮಾನಗಳಾದರೋ ಬಹುಪಾಲು ಯುದ್ಧವಿಮಾನಗಳು. ಮೀನು ಮಾರುವವರ ಮೂರು ವಾರದ ಅನ್ನ ಹೋಯಿತು. ಮೀನುಗಳು ಹನ್ನೊಂದನೆಯ ಕಿಲೋಮೀಟರಿನಲ್ಲಿ ಎಂದಿನಂತೆ ಮಾರಾಟವಾದವು. ನಮ್ಮ ಮನವಿ ಫಲಿಸಿದರೆ ಆಗುವುದೂ ಇದೇ. ಆ ಇಬ್ಬರು ಹೆಂಗಸರು ಇನ್ನೊಂದು ತಿರುವಿಗೆ ಹೋಗುತ್ತಾರೆ. ಅವರ ಮನೆಯ ಮಕ್ಕಳಿಗೆ ಬಸದಿ ಎಂದರೆ ಏನೆಂದು ಜೀವನಪೂರ್ತಿ ನೆನಪಿರುತ್ತದೆ.

ಆದ್ದರಿಂದ ನಾನು ಮಂಡಳಿಗೆ ಲಿಖಿತವಾಗಿ ಕೋರಿದ್ದೇನೆ, ಇತರ ಬಸದಿಗಳ ಧರ್ಮದರ್ಶಿಗಳೂ ಇದನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಮನವಿಯನ್ನು ಹಿಂತೆಗೆದುಕೊಳ್ಳಬೇಕು. ಪರ್ವದಿನಗಳ ಪಟ್ಟಿಯನ್ನು ಅಧ್ಯಕ್ಷರೇ ಸ್ವತಃ ಹೋಗಿ ಆ ಹೆಂಗಸರಿಗೆ ಕೊಟ್ಟು, ಆ ದಿನಗಳ ಅವರ ನಷ್ಟವನ್ನು ಗೌರವದಿಂದ ತುಂಬಿಕೊಡಬೇಕು; ಒಂದು ಕಲಶದ ಬೋಲಿಯ ಕಾಲುಭಾಗವೂ ಇದಕ್ಕೆ ಬೇಡ. ಸಭಾಭವನದ ಹಿಂದೆ ಕೊಳಚೆ ಶುದ್ಧೀಕರಣದ ಸಣ್ಣ ಘಟಕವನ್ನು ಹೂಡುವ ತನಕ ಹೊಸ ಅಮೃತಶಿಲೆಯ ನೆಲದ ಕೆಲಸವನ್ನು ತಡೆಹಿಡಿಯಬೇಕು. ನಿಧಿಯ ಠೇವಣಿಗಳೂ ಷೇರುಗಳೂ ಯಾವ ಉದ್ಯಮದಲ್ಲಿವೆಯೆಂಬ ವಿವರವನ್ನು ವಾರ್ಷಿಕ ಲೆಕ್ಕಪತ್ರದೊಡನೆ ಛಾಪಿಸಬೇಕು. ಕೊನೆಯದಕ್ಕೆ ಅತಿ ಹೆಚ್ಚು ವಿರೋಧ ಬರುತ್ತದೆಂದು ಬಲ್ಲೆ. ಈಗಾಗಲೇ ಇಬ್ಬರು ದೂರವಾಣಿಯಲ್ಲಿ ವಿಚಾರಿಸಿಕೊಂಡಿದ್ದಾರೆ.

ಮುಂದಿನ ಸಭೆ ದಶಲಕ್ಷಣ ಪರ್ವ ಮುಗಿದ ಮೊದಲ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ. ಭಾನುವಾರವಾದ್ದರಿಂದ ಆ ಹೆಂಗಸರೂ ತಿರುವಿನಲ್ಲಿರುತ್ತಾರೆ. ಮನವಿಯ ಪ್ರತಿ ನನ್ನ ಮೇಜಿನ ಮೇಲಿದೆ. ಇಪ್ಪತ್ತೆರಡು ಸಹಿಗಳಾಗಿವೆ, ಕಡೆಯ ಸಾಲು ಖಾಲಿ. ಅದನ್ನು ಹಾಗೆಯೇ ಹಿಂದಿರುಗಿಸುತ್ತೇನೆ. ಜೊತೆಗೆ ನನ್ನ ಅಂಗಡಿಯ ಹಿಂಡಿ ಖಾತೆಯ ಪುಸ್ತಕವನ್ನೂ ತರುತ್ತೇನೆ.